ಮೂರು ದಿನ, ಮೂರು ತಾಲ್ಲೂಕು

ಲಂಡನ್ನಿಗೋ ಪ್ಯಾರಿಸ್ಸಿಗೋ ಹೊರಟ ಗೃಹಸ್ಥನು ಆರು ತಿಂಗಳು ಮೊದಲೇ ನಕಾಶೆ ಹರವಿಕೊಂಡು ಕೂಡುತ್ತಾನೆ. ಯಾವ ವಸ್ತುಸಂಗ್ರಹಾಲಯಕ್ಕೆ ಯಾವ ವಾರ ರಜೆ, ಯಾವ ಋತುವಿನಲ್ಲಿ ಮಳೆ ಎಂಬುದನ್ನೆಲ್ಲ ನಾಲ್ಕು ಜನರನ್ನು ಕೇಳಿ ಬರೆದುಕೊಳ್ಳುತ್ತಾನೆ. ಅದೇ ಗೃಹಸ್ಥನು ಶಿರಸಿಯ ಕಡೆಗೆ ಹೊರಟಾಗ ಮಾತ್ರ ಏನನ್ನೂ ವಿಚಾರಿಸುವುದಿಲ್ಲ. ನಮ್ಮದೇ ನಾಡು, ನಮ್ಮದೇ ನುಡಿ; ವಿಚಾರಿಸುವುದೇನಿದೆ ಎಂಬ ಧೈರ್ಯ! ಆದರೆ ಪರಸ್ಥಳವೆಂಬುದು ನುಡಿ ಬದಲಾದಲ್ಲಿ ಮಾತ್ರ ಆರಂಭವಾಗುವುದಿಲ್ಲ. ಮಳೆ ಬೆಳೆಗಳು ಬದಲಾದಲ್ಲಿಯೂ ಅದು ಆರಂಭವಾಗುತ್ತದೆ.

ಬೆಂಗಳೂರಿನ ಸಂಸಾರವೊಂದು ಏಪ್ರಿಲ್ ರಜೆಯಲ್ಲಿ ಜೋಗಕ್ಕೆ ಬಂತೆನ್ನಿ. ರಾಜ, ರಾಣಿ, ರೋರರ್, ರಾಕೆಟ್ ಎಂದು ನಾಲ್ಕು ಧಾರೆಗಳ ಹೆಸರನ್ನು ಬಾಯಿಪಾಠ ಮಾಡಿಕೊಂಡು ಬಂದ ಹುಡುಗನಿಗೆ ಕಂಡದ್ದು ೨೫೩ ಮೀಟರು ಎತ್ತರದ ಬರಿಯ ಬಂಡೆ; ಅದರ ಮೇಲೆ ನೂಲಿನಂತಹ ಒಂದೆರಡು ಎಳೆ. “ತಾತ, ನೀರೆಲ್ಲಿ ಹೋಯಿತು?” ಎಂದು ಅವನು ಕೇಳುತ್ತಾನೆ. ತಾತನಿಗೆ ಉತ್ತರ ಹೊಳೆಯದು. ಪಕ್ಕದ ಚಹದಂಗಡಿಯವನು ನಗುತ್ತ, “ನಿಮ್ಮೂರಿಗೇ ಹೋಗಿದೆಯಲ್ಲ ರಾಯರೇ, ತಂತಿಯ ಮೇಲೆ!” ಎನ್ನುತ್ತಾನೆ.

ಮಾತು ಹಾಸ್ಯದ್ದಾದರೂ ಅರ್ಥ ಹಾಸ್ಯದ್ದಲ್ಲ. ಸಿದ್ದಾಪುರ ಮತ್ತು ಸಾಗರ ತಾಲ್ಲೂಕುಗಳ ಗಡಿಯಲ್ಲಿ ಧುಮುಕುವ ಶರಾವತಿಯಿಂದ ೧೯೪೦ರ ದಶಕದ ಕೊನೆಗೆ ವಿದ್ಯುತ್ತು ಉತ್ಪಾದನೆ ಆರಂಭವಾಯಿತು. ೧೯೬೪ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿಯಿತು. ನಾಡಿನ ಮನೆಗಳಲ್ಲಿ ದೀಪ ಹತ್ತಿತು. ಜೋಗದ ವೈಭವ ಮಳೆಗಾಲಕ್ಕೆ ಮೀಸಲಾಯಿತು. ಇದನ್ನು ಅರಿತು ನಿಂತವನಿಗೆ ಬರಿಯ ಬಂಡೆಯೂ ನೋಡತಕ್ಕ ವಸ್ತುವೇ.

ಈ ಒಂದು ಪಾಠದಿಂದ ಪ್ರವಾಸದ ಕ್ರಮವೂ ತಾನಾಗಿ ಏರ್ಪಡುತ್ತದೆ. ಭೋರ್ಗರೆವ ನೀರು ಬೇಕೆಂದರೆ ಆಗಸ್ಟ್, ಸೆಪ್ಟೆಂಬರ್. ಹೊಳೆಯೊಳಗಿನ ಶಿಲ್ಪ ಬೇಕೆಂದರೆ ಮಳೆ ಕಳೆದ ಮೇಲೆ. ಎರಡೂ ತಕ್ಕಮಟ್ಟಿಗೆ ದೊರೆಯಬೇಕೆನ್ನುವವರು ನವೆಂಬರ್, ಡಿಸೆಂಬರ್‌ಗಳಲ್ಲಿ ಬರುವುದು ಮೇಲು. ಆಗ ಅಡಿಕೆಯ ಕೊಯ್ಲೂ ನಡೆದಿರುತ್ತದೆ. ತಾಲ್ಲೂಕಿಗೆ ಒಂದು ದಿನವನ್ನಾದರೂ ಕೊಡಬೇಕು. ಮೂರನ್ನೂ ಒಂದೇ ದಿನದಲ್ಲಿ ‘ಮುಗಿಸುವೆ’ನೆಂದು ಹೊರಟವನು ಮೋಟಾರಿನ ಕಿಟಕಿಯನ್ನು ಮಾತ್ರ ನೋಡಿ ಹಿಂದಿರುಗುತ್ತಾನೆ.

ಮೊದಲ ದಿನ ಸಿದ್ದಾಪುರಕ್ಕಿರಲಿ. ಹೆಗ್ಗರಣಿಯ ಬಳಿ ಅಘನಾಶಿನಿಯು ೧೧೬ ಮೀಟರು ಕೆಳಗೆ ಹಾರುವ ಉಂಚಳ್ಳಿ ಇಲ್ಲಿದೆ. ೧೮೪೫ರಲ್ಲಿ ಇದನ್ನು ಕಂಡ ಜಿಲ್ಲಾಧಿಕಾರಿ ಲಷಿಂಗ್ಟನ್ನನ ಹೆಸರನ್ನು ಆಂಗ್ಲರು ಇಟ್ಟರು. ಊರವರು ಮಾತ್ರ ಇದನ್ನು ಕೆಪ್ಪಜೋಗವೆಂದರು. ಎದುರಿಗೆ ನಿಂತವನ ಮಾತು ಕೇಳಿಸದಷ್ಟು ಸದ್ದು ಎಂದರ್ಥ. ಅಘನಾಶಿನಿಗೆ ದೊಡ್ಡ ಅಣೆಕಟ್ಟು ಇಲ್ಲ. ಜೋಗವನ್ನೂ ಉಂಚಳ್ಳಿಯನ್ನೂ ಒಂದೇ ದಿನ ಕಂಡವರಿಗೆ ಕಟ್ಟಿದ ಹೊಳೆಗೂ ಬಿಟ್ಟ ಹೊಳೆಗೂ ಇರುವ ಅಂತರವನ್ನು ಬೇರೆಯಾಗಿ ವಿವರಿಸಬೇಕಾಗಿಲ್ಲ.

ಎರಡನೆಯ ದಿನ ಶಿರಸಿ. ಮಾರಿಕಾಂಬೆಯ ಸುಮಾರು ಏಳಡಿ ಎತ್ತರದ ದಾರುಮೂರ್ತಿ, ಗುಡಿಯ ಗೋಡೆಗಳ ಮೇಲಿನ ಕಾವಿಯ ಚಿತ್ತಾರಗಳು ಬೆಳಗಿನ ಹೊತ್ತಿಗೆ ಸಾಕು. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆಯ ಸಮಯವಾದರೆ ವಸತಿಯ ವ್ಯವಸ್ಥೆಯನ್ನು ಬಹಳ ಮೊದಲೇ ಮಾಡಿಕೊಳ್ಳಬೇಕು. ಅಲ್ಲಿಂದ ಕದಂಬರ ರಾಜಧಾನಿಯಾಗಿದ್ದ ಬನವಾಸಿಗೆ ಹೋಗಿ ವರದೆಯ ದಡದ ಮಧುಕೇಶ್ವರನನ್ನು ನೋಡಬಹುದು. ಹತ್ತನೆಯ ಶತಮಾನದ ಪಂಪನು ತನ್ನ ಕಾವ್ಯದಲ್ಲಿ ಹಂಬಲಿಸಿದ ನಾಡು ಅದು. ಸಂಜೆಗೆ ವಾದಿರಾಜರ ಸೋದೆ. ಬಳಿಕ ಶಾಲ್ಮಲೆಯ ಬಂಡೆಗಳಲ್ಲಿ ಕೊರೆದ ಸಹಸ್ರಲಿಂಗ. ಹೊಳೆ ತುಂಬಿದಾಗ ಲಿಂಗಗಳು ಮುಳುಗಿರುತ್ತವೆ. ನೀರು ಇಳಿದ ಮೇಲೂ ಪಾಚಿಗಟ್ಟಿದ ಬಂಡೆಯನ್ನು ನಂಬಬಾರದು. ಮಕ್ಕಳ ಕೈ ಬಿಡಬಾರದು. ಛಾಯಾಚಿತ್ರಕ್ಕಾಗಿ ಒಂದು ಹೆಜ್ಜೆ ಮುಂದಿಟ್ಟವನು ಮನೆಗೆ ಮರಳದಿರುವುದು ಯಾವ ಹೊಳೆಯಲ್ಲಿಯೂ ಆಗಬಹುದಾದ ಮಾತು.

ಮೂರನೆಯ ದಿನ ಯಲ್ಲಾಪುರ. ಮಾಗೋಡಿನಲ್ಲಿ ಬೇಡ್ತಿಯು ಸುಮಾರು ೨೦೦ ಮೀಟರುಗಳ ಆಳಕ್ಕೆ ಮೆಟ್ಟಿಲಿಳಿದಂತೆ ಬೀಳುತ್ತದೆ. ಸಮೀಪದ ಜೇನುಕಲ್ಲು ಗುಡ್ಡದಿಂದ ಸೂರ್ಯಾಸ್ತ ಕಾಣುತ್ತದೆ. ಆದರೆ ಇಲ್ಲಿ ಮಕ್ಕಳಿಗೆ ಹೇಳಬೇಕಾದ ಕಥೆ ಬೇರೆಯಿದೆ. ಬೇಡ್ತಿಗೂ ಅಣೆಕಟ್ಟು ಕಟ್ಟುವ ಯೋಜನೆಯಿತ್ತು. ತೋಟಗಾರರು ಅದಕ್ಕೆ ಒಡಂಬಡಲಿಲ್ಲ. ಬರಿಯ ಘೋಷಣೆಗೆ ನಿಲ್ಲದೆ ೧೯೮೧ರಲ್ಲಿ ಶಿರಸಿಗೆ ವಿಜ್ಞಾನಿಗಳನ್ನು ಕರೆಯಿಸಿ ಯೋಜನೆಯ ಲಾಭನಷ್ಟಗಳನ್ನು ಲೆಕ್ಕ ಹಾಕಿಸಿದರು. ಯೋಜನೆ ನಿಂತಿತು. ಎರಡು ವರ್ಷಗಳ ಬಳಿಕ, ೧೯೮೩ರ ಸೆಪ್ಟೆಂಬರಿನಲ್ಲಿ, ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನರು ಮರಗಳನ್ನು ಅಪ್ಪಿ ನಿಂತು ಕೊಡಲಿಯನ್ನು ತಡೆದರು. ಅದೇ ಅಪ್ಪಿಕೊ ಚಳವಳಿ. ಬೇಡ್ತಿಯ ನೀರನ್ನು ವರದೆಗೆ ಒಯ್ಯುವ ಪ್ರಸ್ತಾಪ ಈಚಿನ ವರ್ಷಗಳಲ್ಲಿ ಮತ್ತೆ ತಲೆಯೆತ್ತಿರುವುದರಿಂದ ಈ ಕಥೆ ಇನ್ನೂ ಮುಗಿದಂತಿಲ್ಲ.

ಊಟೋಪಚಾರದ ಬಗೆಗೂ ಒಂದು ಮಾತು. ಊರಿನಲ್ಲಿ ದೊರೆಯುವುದನ್ನೇ ಇಲ್ಲಿಯೂ ಕೇಳುವುದಕ್ಕಿಂತ ಅಪ್ಪೆಹುಳಿ, ತಂಬುಳಿ, ತೆಳ್ಳೇವುಗಳನ್ನು ಕೇಳಿ ಉಣ್ಣಬೇಕು. ಗಡಿಗೆಯ ಬೆನ್ನ ಮೇಲೆ ಕಾಗದದಷ್ಟು ತೆಳುವಾಗಿ ಎರೆಯುವ ತೊಡೆದೇವನ್ನು ಮನೆಗೂ ಒಯ್ಯಬೇಕು. ಅಡಿಕೆಯ ತೋಟ ಕಂಡೊಡನೆ ಒಳಗೆ ನುಗ್ಗಬಾರದು. ಯಜಮಾನರನ್ನು ಕೇಳಿದರೆ ಅವರೇ ಕರೆದೊಯ್ದು ತೋರಿಸಿಯಾರು. ತೋಟದ ಮೇಲಿನ ಕಾಡು ಯಾರದೂ ಅಲ್ಲದ ಬಯಲಲ್ಲ. ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಸೊಪ್ಪು ತರಲೆಂದು ಬಿಟ್ಟುಕೊಟ್ಟ ಬೆಟ್ಟವಿದು. ಅಲ್ಲಿ ಎಸೆದ ಬಾಟಲಿಯ ಚೂರು ನಾಳೆ ಸೊಪ್ಪು ತರುವವಳ ಕಾಲಿಗೆ ತಗಲುತ್ತದೆ.

ಹೊರಡುವ ಮುನ್ನ ಮನೆಯವರೆಲ್ಲ ಕುಳಿತು ಶರಾವತಿ, ಅಘನಾಶಿನಿ, ಬೇಡ್ತಿಗಳನ್ನು ನಕಾಶೆಯಲ್ಲಿ ಬೆರಳಿಟ್ಟು ಗುರುತಿಸಿಕೊಂಡರೆ ಅರ್ಧ ಪ್ರವಾಸ ಆದಂತೆಯೇ. ಆಗ “ನೀರೆಲ್ಲಿ?” ಎಂದು ಮಗು ಕೇಳಿದರೆ ಉತ್ತರ ಕೊಡಲು ಚಹದಂಗಡಿಯವನೇ ಬೇಕೆಂದಿಲ್ಲ, ತಾತನೇ ಸಾಕು.