ಮನೆ ಅಡವಿಡುವ ಮುನ್ನ

ಕಳೆದ ತಿಂಗಳು ನಮ್ಮ ಸದಸ್ಯರೊಬ್ಬರ ಬೀಗರು ಬಳಗಾನೂರಿನಿಂದ ಕಚೇರಿಗೆ ಬಂದಿದ್ದರು. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಲ್ಲಿ ಭತ್ತ ಬೆಳೆಯುವವರು. ಮಗನನ್ನು ಎಂ.ಎಸ್ಸಿ.ಗೆ ಇಂಗ್ಲೆಂಡಿಗೆ ಕಳುಹಿಸಲು ಮನೆ ಅಡವಿಡುವ ಯೋಚನೆ. "ಓದಿದ ಮೇಲೆ ಎರಡು ವರ್ಷ ಕೆಲಸ ಗ್ಯಾರಂಟಿಯಂತೆ" ಎಂದರು. ಏಜೆಂಟರು ಹೇಳಿದ್ದಂತೆ!

ಅಲ್ಲಿ ಸಿಗುವುದು ಉಳಿದು ದುಡಿಯುವ ಅನುಮತಿ. ಕೆಲಸವನ್ನು ಹುಡುಗನೇ ಹುಡುಕಬೇಕು. ಬ್ರಿಟನ್ ಈ ಸೌಲಭ್ಯವನ್ನು 2012ರಲ್ಲಿ ರದ್ದುಮಾಡಿ, 2021ರ ಜುಲೈನಲ್ಲಿ ಮತ್ತೆ ತೆರೆಯಿತು. 2027ರ ಜನವರಿ 1ರಿಂದ ಅರ್ಜಿ ಹಾಕುವ ಪದವೀಧರರಿಗೆ ಹದಿನೆಂಟೇ ತಿಂಗಳು, ಪಿಎಚ್.ಡಿ.ಯವರಿಗೆ ಮಾತ್ರ 3 ವರ್ಷ. ಅವಧಿ ವಿಸ್ತರಣೆ ಇಲ್ಲ. ಅಷ್ಟರೊಳಗೆ ಪ್ರಾಯೋಜಿಸುವ ಮಾಲೀಕ ಸಿಗದಿದ್ದರೆ ಗಂಟುಮೂಟೆ ಕಟ್ಟಬೇಕಾದೀತು.

ಅಮೆರಿಕದಲ್ಲಿ 12 ತಿಂಗಳು, ವಿಜ್ಞಾನ-ತಂತ್ರಜ್ಞಾನದವರಿಗೆ ಮತ್ತೆ 24. ಕೃಷಿ ವಿಜ್ಞಾನದ ಹಲವು ಶಾಖೆಗಳೂ ಆ ಪಟ್ಟಿಯಲ್ಲಿವೆ. ನಮ್ಮವರು ಇದನ್ನು ಗಮನಿಸಿದಂತಿಲ್ಲ. ಆದರೆ ಮುಂದಿನ ಎಚ್-1ಬಿ ವೀಸಾದ ವಾರ್ಷಿಕ ಮಿತಿ 85,000, ಅದೂ ಲಾಟರಿ. ಜರ್ಮನಿಯಲ್ಲಿ ಕೆಲಸ ಹುಡುಕಲು 18 ತಿಂಗಳುಂಟು, ಹೆಚ್ಚಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ. ಭಾಷೆ ಕಲಿಯುವ ಶ್ರಮ ಮಾತ್ರ ತಪ್ಪದು.

ಅಡಿಕೆ ಸಸಿ ನೆಟ್ಟು ಫಸಲಿಗೆ ಐದಾರು ವರ್ಷ ಕಾಯುವ ನಾವು, ಹದಿನೆಂಟು ತಿಂಗಳ ಸಂಬಳದಲ್ಲಿ ಇಪ್ಪತ್ತು ಮೂವತ್ತು ಲಕ್ಷ ತೀರುತ್ತದೆಂದು ನಂಬುವುದು ಹೇಗೆ? ಮಕ್ಕಳು ಹೋಗಬಾರದೆಂದು ನಮ್ಮ ವಾದವಲ್ಲ. ಅವರು ಊರಿಗೆ ಮರಳಿ ದುಡಿದರೂ ಕಂತು ಕಟ್ಟಬಹುದಾದಷ್ಟೇ ಸಾಲ ಮಾಡಿರೆಂದು ಸದಸ್ಯ ಬಾಂಧವರನ್ನು ಕೋರುತ್ತೇವೆ.

ಬೀಗರು ಸಾಲದ ಕಾಗದಕ್ಕೆ ಇನ್ನೂ ಸಹಿ ಹಾಕಿಲ್ಲ. ಮಗ ಜರ್ಮನ್ ತರಗತಿ ವಿಚಾರಿಸುತ್ತಿದ್ದಾನೆಂದು ತಿಳಿಯಿತು.