ಫೆಬ್ರವರಿ 28 ಯಾರ ದಿನ?

ದಿನಪತ್ರಿಕೆಗಳ ಒಳಪುಟದ ಮೂಲೆಯಲ್ಲಿ "ಇತಿಹಾಸದಲ್ಲಿ ಈ ದಿನ" ಎಂಬ ಪುಟ್ಟ ಚೌಕವೊಂದು ಇರುವುದನ್ನು ಓದುಗರು ಬಲ್ಲರು. ಇಂಥ ರಾಜನಿಗೆ ಪಟ್ಟವಾದದ್ದು, ಇಂಥ ಕವಿ ಹುಟ್ಟಿದ್ದು, ಇಂಥ ನಾಯಕ ತೀರಿಕೊಂಡದ್ದು, ಎಲ್ಲವೂ ಒಂದೇ ತಾರೀಖಿನ ಕೆಳಗೆ ಸಾಲಾಗಿ ನಿಂತಿರುತ್ತವೆ. ಬೆಳಗಿನ ಕಾಫಿಯ ಜೊತೆಗೆ ಓದಲು ಹಿತವಾದದ್ದು, ಯಾರಿಗೂ ನೋವಾಗುವುದಿಲ್ಲ.

ಒಂದು ಫೆಬ್ರವರಿಯ ಕೊನೆಯ ದಿನ ಹುತ್ತೂರಿನ ಅಂಗಡಿಯೊಂದರ ಜಗಲಿಯ ಮೇಲೆ ಕುಳಿತು ಇಂಥ ಚೌಕವನ್ನು ನಾನು ಗಟ್ಟಿಯಾಗಿ ಓದುತ್ತಿದ್ದೆ. 1928ರಲ್ಲಿ ಕಲ್ಕತ್ತೆಯಲ್ಲಿ ಸಿ. ವಿ. ರಾಮನ್ನರು ತಮ್ಮ ಹೆಸರಿನ ಪರಿಣಾಮವನ್ನು ಕಂಡುಕೊಂಡರು. 1936ರಲ್ಲಿ ಕಮಲಾ ನೆಹರೂ ಪರದೇಶದಲ್ಲಿ ತೀರಿಕೊಂಡರು. 1963ರಲ್ಲಿ ಪ್ರಥಮ ರಾಷ್ಟ್ರಪತಿ ಬಾಬು ರಾಜೇಂದ್ರಪ್ರಸಾದರು ಪಾಟ್ನಾದಲ್ಲಿ ನಿಧನರಾದರು. 1986ರಲ್ಲಿ ಸ್ವೀಡನ್ನಿನ ಸಮಾಜವಾದಿ ಪ್ರಧಾನಿ ಓಲೋಫ್ ಪಾಲ್ಮೆ, ಕಾವಲಿನವರಿಲ್ಲದೆ ಸಿನಿಮಾ ನೋಡಿ ಮನೆಗೆ ನಡೆದುಹೋಗುತ್ತಿದ್ದಾಗ, ಗುಂಡೇಟಿಗೆ ಬಲಿಯಾದರು. ಅಷ್ಟಕ್ಕೆ ಚೌಕ ಮುಗಿಯಿತು.

ಬೆಂಚಿನ ತುದಿಯಲ್ಲಿ ಬೀಡಿ ಸೇದುತ್ತಿದ್ದ ಮುದುಕರೊಬ್ಬರು ಕೇಳಿದರು: "ನಮ್ಮ ಗಣಿ ಬಂದಿಲ್ಲವಾ ಸ್ವಾಮಿ ಅದರಲ್ಲಿ?"

ಬಂದಿರಲಿಲ್ಲ. ಅವರು ಮತ್ತೆ ಮಾತನಾಡಲಿಲ್ಲ. ಅಂಗಡಿಯ ಶೆಟ್ಟರು ಮಾತ್ರ, "ಅವರು ಚಾಂಪಿಯನ್ ರೀಫಿನಲ್ಲಿ ಇಳಿಯುತ್ತಿದ್ದವರು" ಎಂದು ನನ್ನ ಕಿವಿಯಲ್ಲಿ ಹೇಳಿದರು. 2001ನೇ ಇಸವಿ ಫೆಬ್ರವರಿ 28, ಬುಧವಾರ, ಕೋಲಾರ ಚಿನ್ನದ ಗಣಿಯ ಕೊನೆಯ ಕೆಲಸದ ದಿನ. ಮಾರ್ಚ್ 1ರಿಂದ ಗಣಿ ಮುಚ್ಚಿತೆಂದು ಸರ್ಕಾರದ ಕಾಗದ ಹೇಳುತ್ತದೆ. ಕೋಲಾರ ಜಿಲ್ಲೆಯ ಮಟ್ಟಿಗೆ ಆ ತಾರೀಖಿನಲ್ಲಿ ಇದಕ್ಕಿಂತ ದೊಡ್ಡ ಘಟನೆ ಇನ್ನೊಂದಿಲ್ಲ. ಆದರೂ ಚೌಕದಲ್ಲಿ ಅದಕ್ಕೆ ಜಾಗವಿರಲಿಲ್ಲ.

ಒಂದೇ ತಾರೀಖಿಗೆ ಹಲವು ಸಂಗತಿಗಳು ಬೀಳುವುದರಲ್ಲಿ ಆಶ್ಚರ್ಯವೇನೂ ಇಲ್ಲ. ವರ್ಷಕ್ಕೆ ದಿನಗಳು 365. ಲೋಕದಲ್ಲಿ ಹುಟ್ಟುವವರು, ಸಾಯುವವರು ಕೋಟ್ಯಂತರ. ನಮ್ಮ ಜಿಲ್ಲೆಯವರೇ ಆದ ಮಾಸ್ತಿಯವರನ್ನು ನೋಡಿ. ಮಾಲೂರು ತಾಲ್ಲೂಕಿನ ಹುಂಗೇನಹಳ್ಳಿಯಲ್ಲಿ 1891ರ ಜೂನ್ 6ರಂದು ಹುಟ್ಟಿದವರು 1986ರ ಜೂನ್ 6ರಂದೇ, ತೊಂಬತ್ತೈದು ತುಂಬಿದ ದಿನ, ಕಣ್ಣು ಮುಚ್ಚಿದರು. ಅದನ್ನು ಕೇಳಿ ನಾವು ತಲೆದೂಗುತ್ತೇವೆ, ಪುಣ್ಯವಂತರೆನ್ನುತ್ತೇವೆ. ಯಾರೂ ಗೊತ್ತುಮಾಡಿದ ದಿನವಲ್ಲ ಅದು. ಅದಕ್ಕಾಗಿ ಯಾರನ್ನೂ ಪ್ರಶ್ನಿಸುವಂತಿಲ್ಲ.

ಗಣಿ ಮುಚ್ಚುವ ದಿನ ಹಾಗಲ್ಲ. ಅದನ್ನು ಮನುಷ್ಯರು ಮೇಜಿನ ಮುಂದೆ ಕುಳಿತು ನಿಶ್ಚಯಿಸುತ್ತಾರೆ, ರುಜು ಹಾಕುತ್ತಾರೆ. ಹುಟ್ಟುಸಾವಿನ ತಾರೀಖನ್ನೂ ರುಜುವಿನ ತಾರೀಖನ್ನೂ ಒಂದೇ ಪಟ್ಟಿಯಲ್ಲಿ ಒಂದೇ ಅಕ್ಷರದಲ್ಲಿ ಅಚ್ಚುಹಾಕಿದರೆ ಎರಡೂ ವಿಧಿಯ ಆಟದಂತೆಯೇ ಕಾಣುತ್ತವೆ. ಎರಡನೆಯದನ್ನು ಬಿಟ್ಟೇಬಿಟ್ಟರಂತೂ ರುಜು ಹಾಕಿದವರಿಗೆ ಇನ್ನೂ ನಿಶ್ಚಿಂತೆ.

ಈಗ ಅದೇ ಬುಧವಾರದ ಮತ್ತೊಂದು ಸಂಗತಿಯನ್ನು ಕೇಳಿ. ಆಗ ಕೇಂದ್ರದ ಮುಂಗಡಪತ್ರ ಫೆಬ್ರವರಿಯ ಕೊನೆಯಲ್ಲಿ ಬರುತ್ತಿತ್ತು. 2001ರ ಫೆಬ್ರವರಿ 28ರ ಬೆಳಿಗ್ಗೆ ಅರ್ಥಮಂತ್ರಿ ಯಶವಂತ ಸಿನ್ಹಾ ಅವರು ಲೋಕಸಭೆಯಲ್ಲಿ ಮುಂಗಡಪತ್ರವನ್ನು ಮಂಡಿಸಿದರು. ಕೈಗಾರಿಕಾ ವಿವಾದಗಳ ಕಾಯಿದೆಯ 5-ಬಿ ಅಧ್ಯಾಯವನ್ನು ಸಡಿಲಿಸುವ ಸಲಹೆ ಆ ಭಾಷಣದಲ್ಲಿಯೇ ಇತ್ತು. ಆ ಅಧ್ಯಾಯವು 1976ರಲ್ಲಿ ಸೇರಿದ್ದು. ನೂರು ಅಥವಾ ಹೆಚ್ಚು ಕೆಲಸಗಾರರಿರುವ ಕಾರ್ಖಾನೆ, ಗಣಿ, ತೋಟಗಳಲ್ಲಿ ಆಳುಗಳನ್ನು ತೆಗೆಯಬೇಕಾದರೂ ಬಾಗಿಲು ಮುಚ್ಚಬೇಕಾದರೂ ಮುಂಚಿತವಾಗಿ ಸರ್ಕಾರದ ಅಪ್ಪಣೆ ಬೇಕು ಎನ್ನುವುದು ಅದರ ಸಾರ. ಆ ನೂರನ್ನು ಒಂದು ಸಾವಿರಕ್ಕೆ ಏರಿಸಬೇಕು, ಬದಲಿಗೆ ಪರಿಹಾರವನ್ನು ಸೇವೆಯ ಪ್ರತಿ ವರ್ಷಕ್ಕೆ 15 ದಿನದ ಸಂಬಳದಿಂದ 45 ದಿನಕ್ಕೆ ಹೆಚ್ಚಿಸಬೇಕು ಎಂದು ಮಂತ್ರಿಗಳು ಹೇಳಿದರು.

ನಮ್ಮ ಗಣಿಯನ್ನು ಮುಚ್ಚಿದ್ದು ಅದೇ ಅಧ್ಯಾಯದ 25-ಓ ಕಲಮಿನ ಕೆಳಗೆ. ಒಂದೇ ದಿನ, ಇಲ್ಲಿ ಆ ಕಲಮಿನ ಪ್ರಕಾರ ಮೂರು ಸಾವಿರಕ್ಕೂ ಹೆಚ್ಚು ಜನರ ಕೆಲಸ ಮುಗಿಯಿತು. ದೆಹಲಿಯಲ್ಲಿ ಆ ಕಲಮೇ ಅತಿಯಾಯಿತೆಂಬ ಮಾತು ಬಂತು.

ಇದು ಯಾವುದೋ ಸಂಚೆಂದು ನಾನು ಹೇಳುವುದಿಲ್ಲ. ಅಂಗಡಿ ಇಟ್ಟವರಿಗೆ ಇದರ ಗುಟ್ಟು ಗೊತ್ತು: ತಿಂಗಳ ಕೊನೆಯ ದಿನ ಎಲ್ಲರೂ ಲೆಕ್ಕ ಮುಗಿಸುವ ದಿನ. ಮುಂಗಡಪತ್ರಕ್ಕೂ ಗಣಿಗೂ ಒಂದೇ ತಾರೀಖು ಸಿಕ್ಕಿದ್ದರಲ್ಲಿ ಇದಕ್ಕಿಂತ ಹೆಚ್ಚಿನ ಮಾಯೆ ಇರಲಾರದು. ಆದರೆ ಎರಡು ಲೆಕ್ಕದ ಪುಸ್ತಕಗಳನ್ನು ಅಕ್ಕಪಕ್ಕ ಇಟ್ಟು ಓದಿದಾಗ ಒಂದೊಂದಾಗಿ ಓದುವಾಗ ಕಾಣದ್ದು ಕಾಣುತ್ತದೆ. ತಾರೀಖುಗಳನ್ನು ಜೋಡಿಸುವುದರ ಉಪಯೋಗ ಇರುವುದು ಇಲ್ಲಿಯೇ.

ಆ ಕಾನೂನು ಇದ್ದೂ ಗಣಿ ಉಳಿಯಲಿಲ್ಲವಲ್ಲ ಎಂದು ಕೆಲವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಭಾರತ್ ಗೋಲ್ಡ್ ಮೈನ್ಸ್ ಕಂಪೆನಿಯ ಒಡೆಯರು ಕೇಂದ್ರ ಸರ್ಕಾರದವರು; ಮುಚ್ಚಲು ಅಪ್ಪಣೆ ಕೊಡಬೇಕಾದವರೂ ಅವರೇ. ಬೀಗ ಹಾಕುವ ಕೈಯೂ ಬೀಗದ ಕೈಯೂ ಒಬ್ಬರದೇ ಆದಾಗ ಕಾನೂನಿಗೆ ಬಲ ಎಲ್ಲಿಂದ ಬರಬೇಕು? ಹಾಗಿದ್ದರೂ, ಅಪ್ಪಣೆಯ ಕಟ್ಟಳೆ ಇದ್ದುದರಿಂದ ಕಾರ್ಮಿಕರಿಗೆ ಹೇಳಿಕೊಳ್ಳಲು ಒಂದು ಜಾಗವಿತ್ತು, ನ್ಯಾಯಾಲಯದ ಮೆಟ್ಟಿಲು ಹತ್ತಲು ಒಂದು ಆಧಾರವಿತ್ತು. ಮುರುಕು ಬಾಗಿಲೆಂದು ಬಾಗಿಲನ್ನೇ ಕಿತ್ತುಹಾಕುವುದು ಜಾಣತನವಲ್ಲ.

ಗಣಿ ನಷ್ಟದಲ್ಲಿತ್ತು ಎಂಬ ಮಾತೂ ಸುಳ್ಳಲ್ಲ. 1880ರಿಂದ ಜಾನ್ ಟೇಲರ್ ಕಂಪೆನಿ ಮೇಲಿನ ಒಳ್ಳೆಯ ಅದಿರನ್ನು ತೆಗೆದುಕೊಂಡಿತು. 1956ರಲ್ಲಿ ಮೈಸೂರು ಸರ್ಕಾರ, 1962ರಲ್ಲಿ ಕೇಂದ್ರ ಸರ್ಕಾರ ಗಣಿಗಳನ್ನು ವಹಿಸಿಕೊಂಡಾಗ ಉಳಿದದ್ದು ಆಳ ಮತ್ತು ಖರ್ಚು. ಸುರಂಗ ಮೂರು ಕಿಲೋಮೀಟರಿಗಿಂತ ಆಳಕ್ಕೆ ಇಳಿದಿತ್ತು. ಮುಚ್ಚಿದ ವರ್ಷ ಲೋಕದ ಪೇಟೆಯಲ್ಲಿ ಚಿನ್ನದ ಬೆಲೆ ಔನ್ಸಿಗೆ 300 ಡಾಲರಿಗಿಂತ ಕೆಳಗಿತ್ತು. ಆದರೆ ಸುಮಾರು 120 ವರ್ಷಗಳಲ್ಲಿ 800 ಟನ್ನಿನಷ್ಟು ಚಿನ್ನವನ್ನು ಕೊಟ್ಟ ಊರು ಅದು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಮೊದಲು ಬಂದದ್ದು ಆ ಊರಿಗೆ, ಬೆಂಗಳೂರಿಗಲ್ಲ. ಲಾಭದ ಕಾಲದಲ್ಲಿ ಲಾಭ ಊರಿನ ಹೊರಗೆ ಹೋಯಿತು. ನಷ್ಟದ ಕಾಲದಲ್ಲಿ ನಷ್ಟ ಮಾತ್ರ ಊರಿನದಾಯಿತು. ನನ್ನ ಆಕ್ಷೇಪಣೆ ಇರುವುದು ಈ ಲೆಕ್ಕದ ಮೇಲೆ.

ಆ ನಷ್ಟ ಬರೀ ಕೂಲಿಗಾರರದ್ದೆಂದು ವ್ಯಾಪಾರಿ ಬಂಧುಗಳು ತಿಳಿಯಬಾರದು. ಸಂಬಳದ ದಿನ ಇಲ್ಲದ ಊರಿನಲ್ಲಿ ಉದ್ರಿ ಪುಸ್ತಕಕ್ಕೆ ಏನು ಬೆಲೆ? ರಾಬರ್ಟ್‌ಸನ್ ಪೇಟೆಯ ಅಂಗಡಿಯವನ ಬದುಕು ಶಿಫ್ಟಿನ ಸೈರನ್ನಿಗೆ ಕಟ್ಟಿಕೊಂಡಿತ್ತು. ತಮಿಳು, ತೆಲುಗು, ಕನ್ನಡ ಮೂರೂ ಭಾಷೆಗಳಲ್ಲಿ ಚೌಕಾಶಿ ನಡೆಯುತ್ತಿದ್ದ ಪೇಟೆ ಅದು. ಗಣಿ ನಿಂತ ಮೇಲೆ ಅಲ್ಲಿಯ ಮಕ್ಕಳು ಕತ್ತಲಿರುವಾಗಲೇ ಎದ್ದು ಬೆಂಗಳೂರಿನ ರೈಲು ಹತ್ತಿದರು. ದುಡಿದ ಹಣದ ಒಂದು ಪಾಲು ಬೆಂಗಳೂರಿನಲ್ಲಿಯೇ ಖರ್ಚಾಯಿತು. ಊರಿನ ಪಾಲಿಗೆ ಉಳಿದದ್ದು ಸೈನೈಡ್ ದಿಬ್ಬಗಳ ಧೂಳು, ಮತ್ತು ಹಳೆಯ ಕಾರ್ಮಿಕರ ಎದೆಯಲ್ಲಿ ಕಲ್ಲಿನ ಪುಡಿಯ ಕೆಮ್ಮು.

ಇನ್ನು ರಾಮನ್ನರ ವಿಷಯ. ಫೆಬ್ರವರಿ 28ನ್ನು 1987ರಿಂದ ರಾಷ್ಟ್ರೀಯ ವಿಜ್ಞಾನ ದಿನವೆಂದು ಶಾಲೆಗಳಲ್ಲಿ ಆಚರಿಸುತ್ತಾರೆ, ಸಂತೋಷದ ಮಾತು. ಆದರೆ ನಮ್ಮ ಜಿಲ್ಲೆಯ ಎಷ್ಟು ಶಾಲೆಗಳಲ್ಲಿ ಈ ಕಥೆಯನ್ನು ಹೇಳುತ್ತಾರೆ? ನ್ಯೂಟ್ರಿನೋ ಎಂಬ ಕಣ ಭೂಮಿಯನ್ನೇ ತೂರಿ ಹೋಗುವಂಥದು; ಅದನ್ನು ಹಿಡಿಯಬೇಕಾದರೆ ಬೇರೆ ಕಣಗಳು ತಲುಪಲಾರದಷ್ಟು ಆಳದ ಜಾಗ ಬೇಕು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಜಪಾನಿನ ಒಸಾಕ, ಇಂಗ್ಲೆಂಡಿನ ಡರ್ಹಾಮ್ ವಿಶ್ವವಿದ್ಯಾಲಯಗಳವರ ಜೊತೆ ಸೇರಿ, ಚಾಂಪಿಯನ್ ರೀಫಿನ ಎರಡು ಕಿಲೋಮೀಟರಿಗೂ ಹೆಚ್ಚಿನ ಆಳದಲ್ಲಿ ಉಪಕರಣಗಳನ್ನಿಟ್ಟು, ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋಗಳ ಗುರುತನ್ನು 1965ರಲ್ಲಿ ಕಂಡುಕೊಂಡರು. ಅದೇ ವರ್ಷ ಅದೇ ಗುರುತನ್ನು ಕಂಡ ಇನ್ನೊಂದು ತಂಡ ದಕ್ಷಿಣ ಆಫ್ರಿಕದ್ದು. ಅದೂ ಚಿನ್ನದ ಗಣಿಯಲ್ಲಿಯೇ. ವಿಜ್ಞಾನಿಗಳ ಹೆಸರುಗಳು ಗ್ರಂಥಗಳಲ್ಲಿವೆ, ಇರಬೇಕಾದದ್ದೇ. ಆ ಆಳವನ್ನು ತೋಡಿದವರು ಯಾರು? ಬಂಡೆ ಸಿಡಿಯುವ ಭಯದಲ್ಲಿ, ಬೆಂಕಿಯಂಥ ಸೆಕೆಯಲ್ಲಿ, ತಲೆಮಾರುಗಳ ಕಾಲ ಕಲ್ಲು ಕೊರೆದ ಕೂಲಿಗಾರರು. ಆ ಬೆಂಚಿನ ಮೇಲೆ ಕುಳಿತ ಮುದುಕರಿಗೆ ವಿಜ್ಞಾನ ದಿನದಲ್ಲಿಯೂ ಒಂದು ಹಕ್ಕಿದೆ.

ಒಂದು ತಾರೀಖನ್ನು ಉಳಿಸುವವರು ಪತ್ರಿಕೆಯ ಚೌಕದವರಲ್ಲ, ಜನರು. ಗೌರಿಬಿದನೂರಿನ ವಿದುರಾಶ್ವತ್ಥ ಕೋಲಾರ ಜಿಲ್ಲೆಯಲ್ಲಿದ್ದ ಕಾಲದಲ್ಲಿ, 1938ರ ಏಪ್ರಿಲ್ 25ರಂದು, ಬಾವುಟ ಹಾರಿಸಲು ಸೇರಿದ ಜನರ ಮೇಲೆ ಗೋಲಿಬಾರಾಯಿತು. ಅಂದಿನ ಸರ್ಕಾರ ಅದನ್ನು ಮರೆಸಲು ಬಯಸಿದ್ದರೆ ಆಶ್ಚರ್ಯವಿಲ್ಲ, ಜನರು ಮರೆಯಲಿಲ್ಲ. ಸಂಸ್ಥಾನದವರು ಮುಂದಿನ ತಿಂಗಳೇ ಬಾವುಟದ ವಿಷಯದಲ್ಲಿ ರಾಜಿಗೆ ಬರಬೇಕಾಯಿತು. ಲೋಹಿಯಾ ಅವರು ಹುಟ್ಟಿದ್ದು 1910ರ ಮಾರ್ಚ್ 23ರಂದು. 1931ರಲ್ಲಿ ಅದೇ ದಿನ ಭಗತ್ ಸಿಂಗ್, ರಾಜಗುರು, ಸುಖದೇವರನ್ನು ಗಲ್ಲಿಗೇರಿಸಿದ್ದರಿಂದ ಅವರು ತಮ್ಮ ಹುಟ್ಟುಹಬ್ಬವನ್ನೇ ಬಿಟ್ಟರು. ತನ್ನ ದಿನದ ಪಕ್ಕದಲ್ಲಿ ಇನ್ನೊಬ್ಬರ ನೋವಿಗೆ ಜಾಗ ಬಿಟ್ಟುಕೊಡುವ ರೀತಿ ಇದು.

ಹಳೆಯದನ್ನು ಕೆದಕುವುದೇಕೆ ಎನ್ನುವವರಿಗೆ ಕೊನೆಯದಾಗಿ ಒಂದು ಮಾತು. 2001ರ ಆ ಸಾವಿರದ ಸಲಹೆ ಆಗ ಕಾನೂನಾಗಲಿಲ್ಲ. ಆದರೆ ಸಾಯಲೂ ಇಲ್ಲ. 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿ ನೂರರ ಗಡಿ ಮುನ್ನೂರಾಯಿತು; ಆ ಸಂಹಿತೆ 2025ರ ನವೆಂಬರ್ 21ರಂದು ಜಾರಿಗೆ ಬಂತು. ನವೆಂಬರ್ 21, 1970ರಲ್ಲಿ ರಾಮನ್ನರು ಬೆಂಗಳೂರಿನಲ್ಲಿ ತೀರಿಕೊಂಡ ದಿನ. ಚೌಕದಲ್ಲಿ ಮುಂದೆ ಯಾವುದು ಅಚ್ಚಾಗುತ್ತದೆಂದು ನೀವೇ ಊಹಿಸಬಹುದು. ಇನ್ನೂರು ಜನರ ಗಿರಣಿಯಲ್ಲಿ ದುಡಿಯುವವನು ಎರಡನ್ನೂ ಬರೆದುಕೊಳ್ಳಬೇಕು: ಒಂದು ಗೌರವಕ್ಕೆ, ಇನ್ನೊಂದು ಎಚ್ಚರಕ್ಕೆ.

ಗಣಿಯ 13 ಮಣ್ಣಿನ ದಿಬ್ಬಗಳಲ್ಲಿ ಉಳಿದ ಚಿನ್ನವನ್ನು ತೆಗೆಯುವ ಪ್ರಸ್ತಾಪಕ್ಕೆ ರಾಜ್ಯ ಸರ್ಕಾರ 2024ರಲ್ಲಿ ಒಪ್ಪಿಗೆ ಕೊಟ್ಟಿತು. ಆ ಕೆಲಸ ಯಾರಿಗೆ, ಆ ಧೂಳು ಯಾರಿಗೆ, ಲಾಭ ಯಾವ ಊರಿಗೆ ಎಂದು ಕೇಳುವ ಹಕ್ಕು 2001ರ ಫೆಬ್ರವರಿ 28ನ್ನು ನೆನಪಿಟ್ಟವರಿಗೆ ಮಾತ್ರ ಉಳಿಯುತ್ತದೆ. ಆದುದರಿಂದ ನಮ್ಮ ಅಂಗಡಿಗಳ, ಸಂಘದ ಕಛೇರಿಗಳ ಗೋಡೆಯ ಕ್ಯಾಲೆಂಡರಿನಲ್ಲಿ ಆ ತಾರೀಖಿನ ಮನೆಯೊಳಗೆ, ರಾಮನ್ನರ ಹೆಸರಿನ ಕೆಳಗೆ, ಪೆನ್ಸಿಲಿನಿಂದಲಾದರೂ ಬರೆಯೋಣ: "ನಮ್ಮ ಗಣಿ ಮುಚ್ಚಿದ ದಿನ." ಮುಂದಿನ ವರ್ಷ ಆ ಮುದುಕರು ಕೇಳಿದರೆ, ಬಂದಿದೆ ತಾತ ಎಂದು ಹೇಳುವಂತಾಗಲಿ.