ಮುಂಚಕ್ರದ ಡಿಸ್ಕು: ಮನೆಯಲ್ಲೇ ಬದಲಿಸಬಹುದೇ?

ಕಳೆದ ಸಂಚಿಕೆಯಲ್ಲಿ ಮಿಕ್ಸರಿನ ಸವೆದ ಬುಷ್ ಬದಲಿಸುವ ಬಗೆಯನ್ನು ಬರೆದಿದ್ದೆವು. ಅದನ್ನು ಓದಿದ ಕೆಲವು ತರುಣ ವಾಚಕರು, “ಅಡಿಗೆಮನೆಯಲ್ಲೇ ಎಷ್ಟು ದಿನ ಸುತ್ತುತ್ತೀರಿ? ಸ್ವಲ್ಪ ಕೆಳಗಿಳಿದು ಕಾಂಪೌಂಡಿಗೆ ಬನ್ನಿ, ನಮ್ಮ ಮೋಟಾರ್ ಸೈಕಲ್ಲನ್ನೂ ನೋಡಿ” ಎಂದು ಆಕ್ಷೇಪಿಸಿದ್ದಾರೆ. ಮುಂದಿನ ಚಕ್ರದ ಬ್ರೇಕ್ ಡಿಸ್ಕನ್ನು ಮನೆಯಲ್ಲೇ ಬದಲಿಸಬಹುದೇ ಎಂಬುದು ಅವರ ಪ್ರಶ್ನೆ. ಅವರ ತಾಯಂದಿರ ಪ್ರಶ್ನೆ ಬೇರೆ: ಹಾಗೆ ಬದಲಿಸಿದ ಬ್ರೇಕನ್ನು ನಂಬಬಹುದೇ? ಈ ಎರಡು ಪ್ರಶ್ನೆಗಳಲ್ಲಿ ಎರಡನೆಯದೇ ದೊಡ್ಡದೆಂದು ನಮ್ಮ ಅಭಿಪ್ರಾಯ. ಆದುದರಿಂದ ಅದನ್ನು ಮನಸ್ಸಿನಲ್ಲಿಟ್ಟುಕೊಂಡೇ ಮೊದಲನೆಯದಕ್ಕೆ ಉತ್ತರ ಹೇಳುತ್ತೇವೆ.

ಮಾಟುಂಗದವರಿಗೆ ಚಕ್ರವೂ ಬ್ರೇಕೂ ಹೊಸ ಸಂಗತಿಗಳಲ್ಲ. ಇಲ್ಲಿನ ರೈಲ್ವೆ ಕಾರ್ಖಾನೆ 1915ರಿಂದ ಬೋಗಿಗಳನ್ನು ಬಿಚ್ಚಿ ಜೋಡಿಸುತ್ತಿದೆ. 1887ರಲ್ಲಿ ಹುಟ್ಟಿದ ವಿಕ್ಟೋರಿಯಾ ಜ್ಯುಬಿಲಿ ತಾಂತ್ರಿಕ ವಿದ್ಯಾಲಯ 1923ರಲ್ಲಿ ಮಾಟುಂಗಕ್ಕೆ ಬಂದು ನೆಲೆಸಿತು. ಯಂತ್ರ ಬಿಚ್ಚುವ ಹುಮ್ಮಸ್ಸಿನ ಹುಡುಗರಿಗೆ ಅಂದಿನಿಂದ ಈ ಕಡೆ ಬರವಿಲ್ಲ. ಮೈಸೂರು ಕಡೆಯಿಂದ ಬಂದವರಿಗಂತೂ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯ ನೆನಪು ಇದ್ದೇ ಇರುತ್ತದೆ. 1961ರಿಂದ 1996ರವರೆಗೆ ಅಲ್ಲಿಂದ ಹೊರಟ ಜಾವಾ, ಯೆಜ್ಡಿ ಗಾಡಿಗಳಿಗೆ ಇದ್ದುದು ಡ್ರಮ್ ಬ್ರೇಕು. ಚಕ್ರದ ನಡುವಣ ಡಬ್ಬಿಯೊಳಗೆ ಎರಡು ಲಾಳಗಳು ಅಗಲವಾಗಿ ಒತ್ತಿ ಚಕ್ರವನ್ನು ಹಿಡಿಯುವ ಏರ್ಪಾಡು ಅದು. ಲಾಳ ಸವೆದರೆ ಹೊಸ ಲಾಳ ಹಾಕಿಸಿದರಾಯಿತು, ತಂತಿ ಬಿಗಿ ಮಾಡಿದರಾಯಿತು.

ಡಿಸ್ಕ್ ಬ್ರೇಕಿನ ಕಲ್ಪನೆಯೂ ಹಳೆಯದೇ. ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ ಅದಕ್ಕೆ 1902ರಲ್ಲೇ ಪೇಟೆಂಟ್ ಪಡೆದಿದ್ದರು. ಆದರೆ ಹೆಚ್ಚಿನ ಸಂಖ್ಯೆಯಲ್ಲಿ ಮಾರಾಟವಾಗುವ ಮೋಟಾರ್ ಸೈಕಲ್ಲಿಗೆ ಅದು ಬಂದದ್ದು 1969ರ ಹೊಂಡಾ ಸಿ.ಬಿ. 750ರೊಂದಿಗೆ. ನಮ್ಮ ಬೀದಿಗಳಲ್ಲಿ ಅದು ರೂಢಿಯಾದದ್ದು ಇನ್ನೂ ತಡವಾಗಿ, 1999ರಲ್ಲಿ ಹೀರೋ ಹೊಂಡಾ ಸಿ.ಬಿ.ಝಡ್. ಬಂದ ಮೇಲಿನ ವರ್ಷಗಳಲ್ಲಿ. 2018ರಲ್ಲಿ ಜಾವಾ ಎಂಬ ಹೆಸರು ಮತ್ತೆ ಪೇಟೆಗೆ ಬಂದಾಗ ಅದರ ಮುಂಚಕ್ರಕ್ಕೂ ಡಿಸ್ಕು ಬಂದಿತ್ತು. ಇಂದು ನಾವು ಊರಿಗೆ ಹೋಗುವ ರೈಲಿನ ಎಲ್.ಎಚ್.ಬಿ. ಬೋಗಿಗಳಿಗೂ ಡಿಸ್ಕ್ ಬ್ರೇಕೇ.

ಅದರ ಕೆಲಸ ಸರಳ. ಚಕ್ರದೊಡನೆ ತಿರುಗುವ ಉಕ್ಕಿನ ತಟ್ಟೆಯೊಂದು. ಅದನ್ನು ಎರಡು ಕಡೆಯಿಂದ ಹಿಡಿಯುವ ಪ್ಯಾಡುಗಳೆರಡು. ಅವುಗಳನ್ನು ಒತ್ತುವ ಕ್ಯಾಲಿಪರ್. ಕೈಯ ಒತ್ತಡವನ್ನು ಅಲ್ಲಿಗೆ ಮುಟ್ಟಿಸುವ ಬ್ರೇಕ್ ಎಣ್ಣೆ. ಗಾಡಿ ನಿಲ್ಲುವುದೆಂದರೆ ಅದರ ವೇಗವೆಲ್ಲ ಶಾಖವಾಗುವುದು. ಗಾಡಿ, ಸವಾರ ಸೇರಿ 200 ಕಿಲೋ ಎಂದಿಟ್ಟುಕೊಳ್ಳಿ. ಗಂಟೆಗೆ 60 ಕಿಲೋಮೀಟರ್ ವೇಗದಿಂದ ಒಮ್ಮೆ ಪೂರ್ತಿ ನಿಲ್ಲಿಸಿದರೆ ಹುಟ್ಟುವ ಶಾಖ ಒಂದು ಸಣ್ಣ ಲೋಟ, ಎಂದರೆ 100 ಮಿಲಿಲೀಟರ್, ತಣ್ಣೀರನ್ನು ಹೆಚ್ಚುಕಡಿಮೆ ಕುದಿಯುವ ಹಂತಕ್ಕೆ ತರಬಲ್ಲದು. ನಿಮ್ಮ ಮಗ ಆಫೀಸಿಗೆ ಹೋಗಿಬರುವಷ್ಟರಲ್ಲಿ ಆ ತಟ್ಟೆಯ ಮೇಲೆ ಅದೆಷ್ಟು ಲೋಟ ಕಾಫಿ ಕಾಯುತ್ತದೆಯೋ ಲೆಕ್ಕ ಹಾಕಿ! ಈ ಶಾಖದ ಬಹುಪಾಲನ್ನು ಹೊರುವುದು ಮುಂದಿನ ಡಿಸ್ಕು. ಬ್ರೇಕು ಹಿಡಿದೊಡನೆ ಗಾಡಿಯ ಭಾರ ಮುಂದಕ್ಕೆ ವಾಲುತ್ತದೆ, ಹಿಂದಿನ ಚಕ್ರ ಹಗುರಾಗುತ್ತದೆ. “ಮುಂದಿನ ಬ್ರೇಕು ಮುಟ್ಟಿದರೆ ಪಲ್ಟಿ” ಎಂಬ ಹೆದರಿಕೆಯಿಂದ ಹಿಂದಿನದನ್ನು ಮಾತ್ರ ಒತ್ತುವವರ ಗಾಡಿ ನಿಲ್ಲಲು ಸರಿಸುಮಾರು ಇಮ್ಮಡಿ ದೂರ ಬೇಕಾಗುತ್ತದೆ. 2022ರಲ್ಲಿ ನಮ್ಮ ದೇಶದ ರಸ್ತೆ ಅಪಘಾತಗಳಲ್ಲಿ ಪ್ರಾಣ ಬಿಟ್ಟವರು 1,68,491 ಮಂದಿ. ಅವರಲ್ಲಿ ನೂರಕ್ಕೆ 44ಕ್ಕೂ ಹೆಚ್ಚು ಮಂದಿ ದ್ವಿಚಕ್ರ ವಾಹನದವರು. ಮುಂದಿನ ಬ್ರೇಕು ಕೇವಲ ಯಂತ್ರಪ್ರಿಯರ ಚರ್ಚೆಯ ವಿಷಯವಲ್ಲವೆಂಬುದಕ್ಕೆ ಈ ಲೆಕ್ಕವೊಂದೇ ಸಾಕು.

ಡಿಸ್ಕನ್ನು ಯಾವಾಗ ಬದಲಿಸಬೇಕು? ಉತ್ತರ ಡಿಸ್ಕಿನ ಮೇಲೆಯೇ ಕೆತ್ತಿರುತ್ತದೆ. ಹೊಸದಿದ್ದಾಗ ಅದರ ದಪ್ಪ ಸಾಮಾನ್ಯವಾಗಿ 4ರಿಂದ 5 ಮಿಲಿಮೀಟರ್. ಎಷ್ಟಕ್ಕಿಂತ ತೆಳ್ಳಗಾದರೆ ಬಳಸಕೂಡದು ಎಂಬ ಅಂಕೆಯನ್ನು ತಯಾರಕರು ಅದರ ಮೇಲೆ ಒತ್ತಿರುತ್ತಾರೆ. ಅಳೆಯುವುದಕ್ಕೆ ಮೈಕ್ರೋಮೀಟರ್ ಉತ್ತಮ. ಅಂಚಿನಲ್ಲಿ ಸವೆಯದೆ ಉಳಿದ ಏಣಿನ ಮೇಲೆ ವರ್ನಿಯರಿನ ದವಡೆ ಕುಳಿತರೆ ಡಿಸ್ಕು ದಪ್ಪವಾಗಿದೆ ಎಂಬ ಸುಳ್ಳು ಸಮಾಧಾನ ಸಿಗುತ್ತದೆ. ದಪ್ಪವಲ್ಲದೆ ಬೇರೆ ಲಕ್ಷಣಗಳೂ ಉಂಟು: ಉಗುರು ಸಿಕ್ಕಿಕೊಳ್ಳುವಷ್ಟು ಆಳದ ಗೀರು, ರಂಧ್ರಗಳ ಸುತ್ತ ಬಿರುಕು, ಬ್ರೇಕು ಹಿಡಿದಾಗ ಲಿವರು ಬೆರಳಿಗೆ ನಾಡಿ ಬಡಿದಂತೆ ಬಡಿಯುವುದು. ಈ ಕೊನೆಯ ಲಕ್ಷಣ ಕಂಡಾಗ ಮಾತ್ರ ಅವಸರ ಬೇಡ. ಚಕ್ರದ ಬೇರಿಂಗು ಸಡಿಲವಾಗಿದ್ದರೂ ತೊಂದರೆ ಹಾಗೆಯೇ ಕಾಣಬಹುದು. ಅದನ್ನು ಮೊದಲು ನೋಡತಕ್ಕದ್ದು.

ಮುಂಬಯಿಯಲ್ಲಿರುವ ನಮಗೆ ಇನ್ನೊಂದು ಸಂಗತಿ. ಮೇ ತಿಂಗಳಲ್ಲಿ ಮಕ್ಕಳ ರಜೆಗೆಂದು ಊರಿಗೆ ಹೋಗಿ, ಜೂನಿನ ಮೊದಲ ಮಳೆಯೊಡನೆ ಮರಳುವುದು ನಮ್ಮ ಅನೇಕ ಮನೆಗಳ ಪದ್ಧತಿ. ಅಷ್ಟು ದಿನ ಕಾಂಪೌಂಡಿನಲ್ಲಿ ನಿಂತ ಗಾಡಿಯ ಡಿಸ್ಕಿಗೆ ಉಪ್ಪುಗಾಳಿ ಕೆಂಪು ಬಣ್ಣ ಬಳಿದಿರುತ್ತದೆ. ಅದನ್ನು ಕಂಡು ಗಾಬರಿಯಾಗಬೇಕಿಲ್ಲ; ತೆಳು ತುಕ್ಕು ಮೊದಲ ಹತ್ತು ಹಲವು ಸಲದ ಬ್ರೇಕಿಗೇ ಒರೆಸಿಹೋಗುತ್ತದೆ. ಬೆರಳಿಗೆ ಗುಳಿ ಗುಳಿಯಾಗಿ ತಗಲುವ ತುಕ್ಕು ಮಾತ್ರ ಹೊಸ ಡಿಸ್ಕು ಕೇಳುತ್ತದೆ. ಕಿಂಗ್ಸ್ ಸರ್ಕಲ್ಲಿನಲ್ಲಿ ಮಳೆನೀರು ನಿಂತ ದಿನ ಅದರ ನಡುವೆ ಬಂದವರು ದಾಟಿದ ಕೂಡಲೆ ಮೆಲ್ಲಗೆ ಎರಡು ಮೂರು ಸಲ ಬ್ರೇಕು ಹಿಡಿದು ಡಿಸ್ಕು, ಪ್ಯಾಡುಗಳನ್ನು ಒಣಗಿಸಿಕೊಳ್ಳುವುದು ಕ್ಷೇಮ.

ಈಗ ಸಾಮಾನುಗಳ ಪಟ್ಟಿ. ನಿಮ್ಮ ಗಾಡಿಯ ಮಾದರಿಗೇ ಹೊಂದುವ ಡಿಸ್ಕು, ಹೊಸ ಪ್ಯಾಡಿನ ಜೋಡಿ, ಡಿಸ್ಕಿನ ಹೊಸ ಬೋಲ್ಟುಗಳು, ನಡುಮಟ್ಟದ ಹಿಡಿತದ ನೀಲಿ ಥ್ರೆಡ್‌ಲಾಕ್ ಅಂಟು, ಬ್ರೇಕ್ ಕ್ಲೀನರ್, ಮತ್ತು ಟಾರ್ಕ್ ರೆಂಚು. ಮುಂದೆ ಎರಡು ಡಿಸ್ಕಿರುವ ದೊಡ್ಡ ಗಾಡಿಯಾದರೆ ಎರಡನ್ನೂ ಒಟ್ಟಿಗೇ ಬದಲಿಸತಕ್ಕದ್ದು. ಹಳೆಯ ಪ್ಯಾಡು ಇನ್ನೂ ದಪ್ಪವಾಗಿದೆಯೆಂದು ಉಳಿಸಿಕೊಳ್ಳುವ ಆಸೆ ಬೇಡ. ಅದು ಹಳೆಯ ಡಿಸ್ಕಿನ ಉಬ್ಬುತಗ್ಗುಗಳಿಗೆ ಒಗ್ಗಿಹೋಗಿರುತ್ತದೆ, ಹೊಸ ಡಿಸ್ಕಿನ ಮೇಲೆ ಪೂರ್ತಿ ಕೂರುವುದಿಲ್ಲ. ಒಪೆರಾ ಹೌಸಿನ ಸುತ್ತಣ ಬಿಡಿಭಾಗದ ಅಂಗಡಿಗಳಲ್ಲಿ ಚೌಕಾಸಿ ನಡೆಯಬಹುದು. ಆದರೆ ಹೆಸರು ಅಳಿಸಿದ, ದಪ್ಪದ ಅಂಕೆಯಿಲ್ಲದ ಡಿಸ್ಕನ್ನು ಅರ್ಧ ಬೆಲೆಗೆ ಕೊಟ್ಟರೂ ಮುಟ್ಟದಿರುವುದು ಲೇಸು.

ಇನ್ನು ಕೆಲಸ. ಸಮನಾದ ಗಟ್ಟಿ ನೆಲ ನೋಡಿ ಗಾಡಿ ನಿಲ್ಲಿಸಿ. ಆ್ಯಕ್ಸಲ್ಲಿನ ನಟ್ಟನ್ನೂ ಕ್ಯಾಲಿಪರಿನ ಬೋಲ್ಟುಗಳನ್ನೂ ಚಕ್ರ ನೆಲದ ಮೇಲಿರುವಾಗಲೇ ಸ್ವಲ್ಪ ಸಡಿಲಿಸಿಕೊಳ್ಳಿ. ಎತ್ತಿ ನಿಲ್ಲಿಸಿದ ಗಾಡಿಯ ಮೇಲೆ ಬಲ ಹಾಕುವುದು ಅಪಾಯ. ಬಳಿಕ ಮುಂಚಕ್ರ ನೆಲ ಬಿಡುವಂತೆ ಸ್ಟ್ಯಾಂಡಿನ ಮೇಲೆ ಭದ್ರವಾಗಿ ನಿಲ್ಲಿಸಿ. ಇಟ್ಟಿಗೆ ಪೇರಿಸಿ ನಿಲ್ಲಿಸುವ ಸಾಹಸ ಬೇಡ, ಪಕ್ಕದಲ್ಲಿ ಮಕ್ಕಳು ಕ್ರಿಕೆಟ್ ಆಡುವ ಹೊತ್ತಿನಲ್ಲಂತೂ ಬೇಡವೇ ಬೇಡ. ಕ್ಯಾಲಿಪರನ್ನು ಬಿಚ್ಚಿದ ಮೇಲೆ ಅದರ ಕೊಳವೆಗೆ ನೇತುಬಿಡದೆ ಒಂದು ತಂತಿಯಿಂದ ಫೋರ್ಕಿಗೆ ಕಟ್ಟಿಡಿ. ಪ್ಯಾಡುಗಳ ನಡುವೆ ಮರದ ತುಂಡೊಂದನ್ನು ಸಿಕ್ಕಿಸಿಡಿ. ಡಿಸ್ಕಿಲ್ಲದಾಗ ಯಾರಾದರೂ ಲಿವರು ಒತ್ತಿದರೆ ಪಿಸ್ಟನ್ನು ಹೊರಗೆ ಬಂದೀತು. ಚಕ್ರ ಕಳಚುವಾಗ ಯಾವ ಕಡೆಗೆ ಯಾವ ಸ್ಪೇಸರ್ ಇತ್ತೆಂದು ಒಂದು ಚಿತ್ರ ತೆಗೆದುಕೊಳ್ಳಿ. ಎ.ಬಿ.ಎಸ್. ಇರುವ ಗಾಡಿಯಾದರೆ (2019ರ ಏಪ್ರಿಲಿನಿಂದ 125 ಸಿ.ಸಿ. ಮೀರಿದ ಎಲ್ಲ ಹೊಸ ಗಾಡಿಗಳಿಗೂ ಅದು ಕಡ್ಡಾಯ) ಹಲ್ಲುಗಳಿರುವ ತೆಳು ಉಂಗುರವನ್ನೂ ಅದರ ಸೆನ್ಸರನ್ನೂ ಬಾಗಿಸದಂತೆ ಜೋಕೆ.

ಚಕ್ರವನ್ನು ಡಿಸ್ಕಿನ ಮೇಲೆ ಭಾರ ಬೀಳದಂತೆ ಮರದ ತುಂಡುಗಳ ಮೇಲೆ ಮಲಗಿಸಿ. ಡಿಸ್ಕಿನ ಬೋಲ್ಟುಗಳನ್ನು ಕಾರ್ಖಾನೆಯಲ್ಲಿ ಅಂಟು ಹಾಕಿ ಬಿಗಿದಿರುತ್ತಾರೆ, ಸುಲಭವಾಗಿ ಬರುವುದಿಲ್ಲ. ಬಿಸಿಗಾಳಿಯ ಯಂತ್ರದಿಂದ ಸ್ವಲ್ಪ ಕಾಯಿಸಿದರೆ ಅಂಟು ಮೆತ್ತಗಾಗುತ್ತದೆ. ಕೀಲಿಯನ್ನು ತಲೆಯೊಳಗೆ ಪೂರ್ತಿ ಇಳಿಸಿ, ಒಂದರ ಎದುರು ಇನ್ನೊಂದರಂತೆ ಸರದಿಯಲ್ಲಿ ಸಡಿಲಿಸಿ. ತಲೆ ಸವೆದು ಕೀಲಿ ಜಾರತೊಡಗಿದರೆ ಅಲ್ಲಿಗೇ ನಿಲ್ಲಿಸಿ ಮೆಕ್ಯಾನಿಕನನ್ನು ಕರೆಯುವುದು ಜಾಣತನ.

ಇಲ್ಲಿಯವರೆಗಿನ ಕೆಲಸಕ್ಕೆ ತೋಳಿನ ಬಲ ಸಾಕು. ಇನ್ನು ಮುಂದಿನದಕ್ಕೆ ಬೇಕಾದುದು ತಾಳ್ಮೆ. ಮೊದಲನೆಯದು, ಡಿಸ್ಕು ಕೂರುವ ಜಾಗ. ಹಬ್ಬಿನ ಮುಖದ ಮೇಲೆ ತುಕ್ಕಿನ ಒಂದು ಹಳಕು ಉಳಿದರೂ ಹೊಸ ಡಿಸ್ಕು ಓರೆಯಾಗಿ ಕೂರುತ್ತದೆ, ಹಳೆಯ ಬಡಿತ ಹೊಸ ಡಿಸ್ಕಿನೊಡನೆಯೂ ಮುಂದುವರಿಯುತ್ತದೆ. ಅದನ್ನು ಹೊಳೆಯುವವರೆಗೆ ಉಜ್ಜಿ ಒರೆಸಿ. ಬೋಲ್ಟಿನ ಎಳೆಗಳಲ್ಲಿ ಉಳಿದ ಹಳೆಯ ಅಂಟನ್ನೂ ತೆಗೆಯಿರಿ. ಎರಡನೆಯದು, ಡಿಸ್ಕಿನ ಶುಚಿ. ತುಕ್ಕು ಹಿಡಿಯದಿರಲೆಂದು ಹೊಸ ಡಿಸ್ಕಿಗೆ ಎಣ್ಣೆಯ ಪಸೆ ಹಚ್ಚಿರುವುದುಂಟು. ಬ್ರೇಕ್ ಕ್ಲೀನರಿನಿಂದ ಎರಡೂ ಮುಖಗಳನ್ನು ಒರೆಸಬೇಕು. ಸೀಮೆಎಣ್ಣೆ ಸಲ್ಲದು, ಅದೂ ಪಸೆ ಬಿಡುತ್ತದೆ. ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿದ ಕೈಯಿಂದ ಡಿಸ್ಕನ್ನಾಗಲಿ ಪ್ಯಾಡನ್ನಾಗಲಿ ಮುಟ್ಟಬಾರದು. ಮೂರನೆಯದು, ಬಿಗಿತ. ಡಿಸ್ಕಿನ ಮೇಲೆ ತಿರುಗುವ ದಿಕ್ಕಿನ ಬಾಣವಿದ್ದರೆ ಅದರಂತೆ ಕೂರಿಸಿ, ಬೋಲ್ಟಿಗೆ ಒಂದೊಂದು ಹನಿ ಅಂಟು ಹಾಕಿ, ಎದುರುಬದುರಾಗಿ ಎರಡು ಮೂರು ಸುತ್ತಿನಲ್ಲಿ ಟಾರ್ಕ್ ರೆಂಚಿನಿಂದ ಬಿಗಿಯಿರಿ. ಎಷ್ಟು ಬಿಗಿ ಎಂಬುದು ಗಾಡಿಗೊಂದು ಬಗೆ. ಕೈಪಿಡಿಯಲ್ಲಿ ಕೊಟ್ಟ ಅಂಕೆಯೇ ಪ್ರಮಾಣ. “ಕೈ ಅಂದಾಜು” ಹುಳಿಗೆ ಉಪ್ಪು ಹಾಕಲು ಸರಿ, ಇಲ್ಲಿ ಸಲ್ಲದು.

ಹೊಸ ಪ್ಯಾಡು, ಹೊಸ ಡಿಸ್ಕು ಹಳೆಯವಕ್ಕಿಂತ ದಪ್ಪ. ಅವು ಹಿಡಿಸಬೇಕಾದರೆ ಪಿಸ್ಟನ್ನುಗಳನ್ನು ಶುಚಿಗೊಳಿಸಿ ಒಳಕ್ಕೆ ತಳ್ಳಬೇಕು. ಆಗ ಮೇಲಿನ ಬಟ್ಟಲಿನಲ್ಲಿ ಬ್ರೇಕ್ ಎಣ್ಣೆ ಏರುತ್ತದೆ. ಮುಚ್ಚಳ ತೆರೆದು, ಸುತ್ತ ಬಟ್ಟೆ ಹೊದಿಸಿ, ಉಕ್ಕಿ ಹರಿಯದಂತೆ ನೋಡಿಕೊಳ್ಳಿ. ಟ್ಯಾಂಕಿನ ಮೇಲೆ ಬಿದ್ದರೆ ಅದು ಬಣ್ಣವನ್ನು ತಿನ್ನುತ್ತದೆ. ಬಿದ್ದ ಕೂಡಲೆ ನೀರಿನಿಂದ ತೊಳೆಯಬೇಕು. ಈ ಎಣ್ಣೆ ಗಾಳಿಯ ತೇವವನ್ನು ಹೀರುವ ಗುಣದ್ದು. ಡಾಟ್ 4 ಎಂಬ ಬಗೆ ಹೊಸದಿದ್ದಾಗ 230 ಡಿಗ್ರಿಯವರೆಗೂ ಕುದಿಯಬಾರದು. ತೇವ ಹೀರಿದ ಮೇಲೆ ಅದಕ್ಕಿರುವ ಕನಿಷ್ಠ ಮಟ್ಟ 155 ಡಿಗ್ರಿ ಮಾತ್ರ. ಊರಿನ ದಾರಿಯ ಘಟ್ಟ ಇಳಿಯುವಾಗ ಸದಾ ಬ್ರೇಕು ಹಿಡಿದೇ ಬಂದರೆ ಹಳೆಯ ಎಣ್ಣೆ ಕುದಿದು, ಗುಳ್ಳೆಯೆದ್ದು, ಲಿವರು ಸುಮ್ಮನೆ ಹ್ಯಾಂಡಲ್ಲಿಗೆ ತಗಲುವ ಪ್ರಸಂಗ ಬರುತ್ತದೆ. ಎರಡು ವರ್ಷಕ್ಕೊಮ್ಮೆ ಎಣ್ಣೆ ಬದಲಿಸುವುದು, ಇಳಿಜಾರಿನಲ್ಲಿ ಕೆಳಗಿನ ಗೇರಿನಲ್ಲಿ ಬರುವುದು, ಎರಡೂ ಬೇಕು.

ಚಕ್ರ, ಆ್ಯಕ್ಸಲ್, ಕ್ಯಾಲಿಪರ್ ಎಲ್ಲವನ್ನೂ ಕೂರಿಸಿ, ಹೇಳಿದ ಅಂಕೆಗೆ ಬಿಗಿದಾಯಿತು. ಇಲ್ಲಿಯೇ ಅನೇಕರು ಖುಷಿಯಿಂದ ಕೀಲಿ ತಿರುಗಿಸಿಬಿಡುತ್ತಾರೆ. ನಿಲ್ಲಿ! ಪಿಸ್ಟನ್ನುಗಳು ಇನ್ನೂ ಒಳಗೇ ಇವೆ. ಮೊದಲ ಬಾರಿ ಒತ್ತಿದ ಲಿವರು ಏನನ್ನೂ ಹಿಡಿಯದೆ ಹ್ಯಾಂಡಲ್ಲಿಗೆ ಬಂದು ತಾಗುತ್ತದೆ. ಕಾಂಪೌಂಡಿನ ಗೇಟು ದಾಟಿ ರಸ್ತೆಗಿಳಿದ ಮೇಲೆ ಇದು ತಿಳಿದು ಪ್ರಯೋಜನವಿಲ್ಲ. ಗಾಡಿ ನಿಂತಿರುವಾಗಲೇ ಲಿವರನ್ನು ಹತ್ತಾರು ಸಲ, ಅದು ಕಲ್ಲಿನಂತೆ ಗಟ್ಟಿಯಾಗುವವರೆಗೆ ಒತ್ತಿ. ಬಟ್ಟಲಿನ ಎಣ್ಣೆಯ ಮಟ್ಟ ನೋಡಿ ಮುಚ್ಚಳ ಹಾಕಿ. ಚಕ್ರವನ್ನು ಕೈಯಿಂದ ತಿರುಗಿಸಿ, ಬ್ರೇಕು ಹಿಡಿದು, ಬಿಟ್ಟು, ಮತ್ತೆ ತಿರುಗಿಸಿ. ಎಷ್ಟು ಒತ್ತಿದರೂ ಲಿವರು ಮೆತ್ತಗೇ ಇದ್ದರೆ ಒಳಗೆ ಗಾಳಿ ಸೇರಿದೆ ಎಂದರ್ಥ; ಅದನ್ನು ತೆಗೆಸದೆ ಗಾಡಿ ಅಲುಗಕೂಡದು. ಎ.ಬಿ.ಎಸ್. ಗಾಡಿಯಲ್ಲಿ ಆ ಕೆಲಸಕ್ಕೆ ಕೆಲವೊಮ್ಮೆ ವರ್ಕ್‌ಷಾಪಿನ ವಿಶೇಷ ಉಪಕರಣವೇ ಬೇಕಾಗುತ್ತದೆ.

ಹೊಸ ಡಿಸ್ಕಿಗೂ ಪ್ಯಾಡಿಗೂ ಪರಸ್ಪರ ಪರಿಚಯವಾಗಲು ಸ್ವಲ್ಪ ಕಾಲ ಹಿಡಿಯುತ್ತದೆ, ಹೊಸ ಸೊಸೆಗೂ ಮನೆಗೂ ಹಿಡಿಯುವಂತೆ. ಭಾನುವಾರದ ಮುಂಜಾನೆ ಖಾಲಿ ರಸ್ತೆ ನೋಡಿ, 50ರ ವೇಗದಿಂದ 10ಕ್ಕೆ ಹಿತವಾಗಿ ಇಳಿಸುವುದನ್ನು ಇಪ್ಪತ್ತು ಮೂವತ್ತು ಸಲ ಮಾಡಿ, ನಡುನಡುವೆ ಆರಲು ಬಿಡಿ. ಮೊದಲ ಇನ್ನೂರು ಮುನ್ನೂರು ಕಿಲೋಮೀಟರ್ ಯಾರನ್ನೂ ಹಿಂದೆ ಕೂರಿಸಿಕೊಳ್ಳದಿದ್ದರೆ, ಮುಂದಿನ ವಾಹನದಿಂದ ತುಸು ಹೆಚ್ಚು ದೂರ ಇಟ್ಟರೆ ಒಳ್ಳೆಯದು.

ಟಾರ್ಕ್ ರೆಂಚು ಇಲ್ಲದವರು, ಭದ್ರವಾದ ಸ್ಟ್ಯಾಂಡು ಇಲ್ಲದವರು, ಇದೇ ಮೊದಲ ಸಲ ಚಕ್ರ ಬಿಚ್ಚುತ್ತಿರುವವರು ಈ ಕೆಲಸವನ್ನು ಬಲ್ಲವನ ಕೈಗೆ ಕೊಡುವುದರಲ್ಲಿ ನಾಚಿಕೆಯೇನೂ ಇಲ್ಲ. ಆಗಲೂ ಈ ಬರಹ ವ್ಯರ್ಥವಲ್ಲ. ಹಬ್ಬಿನ ಮುಖ ಉಜ್ಜಿದಿರಾ, ಬೋಲ್ಟನ್ನು ಅಂಕೆಗೆ ಬಿಗಿದಿರಾ, ಪ್ಯಾಡೂ ಹೊಸದೇ ಎಂಬ ಮೂರು ಪ್ರಶ್ನೆ ಕೇಳಬಲ್ಲ ಗಿರಾಕಿಯ ಗಾಡಿಗೆ ಎಲ್ಲ ಮೆಕ್ಯಾನಿಕರೂ ಸ್ವಲ್ಪ ಹೆಚ್ಚು ಗಮನ ಕೊಡುತ್ತಾರೆ.

ತಾಯಂದಿರ ಪ್ರಶ್ನೆಗೂ ಉತ್ತರ ಇದರಲ್ಲೇ ಇದೆ. ಯಾರು ಬದಲಿಸಿದರು ಎಂಬುದರಿಂದ ಬ್ರೇಕು ನಂಬಿಕೆಗೆ ಅರ್ಹವಾಗುವುದಿಲ್ಲ; ಬದಲಿಸಿದ ಮೇಲೆ ಹೇಗೆ ಪರೀಕ್ಷಿಸಿದರು ಎಂಬುದರಿಂದ ಆಗುತ್ತದೆ. ಮಗ ಅಥವಾ ಮಗಳು ಕೈ ತೊಳೆದುಕೊಂಡು ಊಟಕ್ಕೆ ಬಂದಾಗ “ಲಿವರು ಗಟ್ಟಿಯಾಯಿತೇ?” ಎಂದು ಒಂದು ಮಾತು ಕೇಳಿ. ಹೌದೆಂದು ತಡವರಿಸದೆ ಹೇಳಿದರೆ ಬಡಿಸಿ. ತಡವರಿಸಿದರೆ ಅನ್ನ ಸ್ವಲ್ಪ ಆರಿದರೂ ಚಿಂತೆಯಿಲ್ಲ, ಮೊದಲು ಕೆಳಗೆ ಕಳಿಸಿ.

ಮುಂದಿನ ಸಂಚಿಕೆಯಲ್ಲಿ ಹೊಲಿಗೆ ಯಂತ್ರದ ಬೆಲ್ಟಿನ ವಿಚಾರ.